ದೀರ್ಘವಿಲ್ಲದ ಪೆ

ಅರ್ಜಿ ಬಂದದ್ದು ಯುಗಾದಿಗೆ ಮುಂಚೆ.
ಕೋಟೆ ರಸ್ತೆ, ಹಳೇ ಅರಮನೆಯಿಂದ ಎಂಬತ್ತು ಮಾರು,
ನನ್ನ ಅಂಗಡಿಗೆ ಬೋರ್ಡು ಹಾಕಿಕೊಳ್ಳಲು
ಅಪ್ಪಣೆ ಕೊಡಿಸಬೇಕಾಗಿ ಕೇಳಿಕೊಳ್ಳುತ್ತೇನೆ,
ಇಂತಿ ಹಾಲಮ್ಮ, ಮಿಕ್ಸಿ ರಿಪೇರಿ.
ನಕ್ಷೆ ಲಗತ್ತಿಸಿದ್ದಳು, ಮಗನ ಡ್ರಾಯಿಂಗ್ ಪುಸ್ತಕದ ಹಾಳೆ:
ಒಂದು ಬಾಗಿಲು, ಮೇಲೆ ಹಳದಿ ಬೋರ್ಡು,
ಸುತ್ತ ಸೀರಿಯಲ್ ಸೆಟ್ಟು,
ಮೂಲೆಯಲ್ಲಿ, ಯಾವ ಕಲಮೂ ಕೇಳದ, ಒಬ್ಬ ಸೂರ್ಯ.

ನಾನು ಎಸ್‌ಡಿಎ. ನಿಯಮದ ಪುಸ್ತಕ ನನ್ನ ಮೇಜಿನದು.
ಪಾರಂಪರಿಕ ವಲಯದಲ್ಲಿ ಬೋರ್ಡು
ನಾಲ್ಕಡಿ ಮೀರಬಾರದು, ಹೊಳೆಯಬಾರದು,
ರಸ್ತೆಗೆ ಚಾಚಬಾರದು, ರಾತ್ರಿ ಮಿನುಗಬಾರದು,
ಬಣ್ಣ ಕಾವಿ ಇಲ್ಲವೇ ಕಂದು, ಅಕ್ಷರ ಅಚ್ಚುಕಟ್ಟು.
ಓದುವಾಗೆಲ್ಲ ನೆನಪಾಗುತ್ತದೆ,
ನೆರೆದ ಅಕ್ಕನಿಗೆ ಅಮ್ಮ ಹೇಳುತ್ತಿದ್ದದ್ದೂ ಇದನ್ನೇ.

ಸ್ಥಳ ತನಿಖೆಗೆ ಟೇಪು ಹಿಡಿದು ಹೋದೆ,
ಜೊತೆಗೆ ಜವಾನ ಬೆನಕಪ್ಪ, ಅವನ ಕೆಮ್ಮು.
ಬಾಗಿಲ ಮೇಲೆ ಹಿಂದಿನ ಬಾಡಿಗೆಯವರ ಫ್ಲೆಕ್ಸು,
ಯಾವುದೋ ಟ್ಯೂಷನ್ನಿನ ರ್‍ಯಾಂಕು ಬಂದ ಮುಖಗಳು,
ಬಿಸಿಲಿಗೆ ಕಣ್ಣು ಮೂಗು ಅಳಿಸಿ ಬರೀ ಅಂಕ ಉಳಿದದ್ದು.
ಬೆನಕಪ್ಪ ಒಂದು ಮೂಲೆ ಹಿಡಿದು ಎಳೆದ.
ಧೂಳು ಕೂತ ಮೇಲೆ ಗಾರೆ ಗೋಡೆ,
ಗೋಡೆಯ ಮೇಲೆ ನೀಲಿ ಅಕ್ಷರ:

ಇಲ್ಲಿ ಗ್ಯಾಸುಲೈಟು ರಿಪೆರಿ ಮಾಡಲಾಗುವದು.

ಯಾರ ಕೈಯೋ. ‘ಳ’ ಬರೆಯಲು ಸಿಗದ ಸಿಟ್ಟನ್ನೆಲ್ಲ
‘ಲ’ದ ಹೊಟ್ಟೆಗೆ ತುಂಬಿದ್ದಾನೆ.
ಮೂರು ಕಡೆ ಕುಂಚ ಸಾಲದೆ ಬೆರಳಲ್ಲೇ ತೀಡಿದ್ದಾನೆ.
ಹಾಲಮ್ಮ ಸ್ಕ್ರೂಡ್ರೈವರ್ ಹಿಡಿದೇ ಹೊರಗೆ ಬಂದಳು,
ತಲೆ ವಾರೆ ಮಾಡಿ ಓದಿದಳು.
‘ಪೆ’ಗೆ ದೀರ್ಘ ಇಲ್ಲ ಸಾರ್, ಅಂದಳು.

ಮೇಲಿನವರು ಫೋಟೋ ನೋಡಿ ಕುಣಿದಾಡಿದರು.
ಆದೇಶ ನನ್ನ ಕೈಯಲ್ಲೇ ಬರೆಸಿದರು:
ಸದರಿ ಬರಹವನ್ನು ಮುಚ್ಚತಕ್ಕದ್ದಲ್ಲ, ಕೆರೆಯತಕ್ಕದ್ದಲ್ಲ,
ಕಾಗುಣಿತ ದೋಷ ಸಮೇತ ಯಥಾಸ್ಥಿತಿ ಕಾಪಾಡತಕ್ಕದ್ದು.
ಹೊಸ ಬೋರ್ಡಿಗೆ ಬೇರೆ ಜಾಗ ಸೂಚಿಸುವುದು.
ಬೇರೆ ಜಾಗ ಇರಲಿಲ್ಲ. ಎಡಕ್ಕೆ ಅನ್ವರನ ಪಂಕ್ಚರ್ ಶಾಪಿನ ಟೈರು,
ಬಲಕ್ಕೆ ಚರಂಡಿ, ಮೇಲೆ ಇಲಾಖೆಯ ಕಣ್ಣು.
ಗೋಡೆಗೆ ಸಿಗದ ದೀರ್ಘವೆಲ್ಲ ಕಡತಕ್ಕೆ ಸಿಕ್ಕಿತು.
ಆಷಾಢ ಹೋಯಿತು, ಗಣಪತಿ ಬಂದು ತುಂಗೆಗೆ ಇಳಿದ,
ಟಿಪ್ಪಣಿ ಮೂವತ್ತನಾಲ್ಕನೇ ಪುಟ ಮುಟ್ಟಿತು.

ಅವಳು ಮತ್ತೆ ಕೇಳಲು ಬರಲಿಲ್ಲ.
ಒಮ್ಮೆ ನಾನೇ, ಆ ಕಡೆ ಕೆಲಸವಿದೆ ಎಂದು ನನಗೇ ಹೇಳಿಕೊಂಡು,
ನಮ್ಮನೆ ಚಟ್ನಿ ಜಾರನ್ನು ಚೀಲದಲ್ಲಿಟ್ಟು ಹೋದೆ.
ಮೂಲೆಯಲ್ಲಿ ದಾರಿ ಕೇಳಿದ್ದಕ್ಕೆ ಹೂವಿನವಳು,
ಗ್ಯಾಸುಲೈಟ್ ಹಾಲಮ್ಮನ ಅಂಗಡಿಯಾ, ಅಂದಳು.
ಒಳಗೆ ಬಿಚ್ಚಿದ ಮೋಟಾರು, ಸುಟ್ಟ ತಾಮ್ರದ ವಾಸನೆ,
ಮಗ ಗ್ರೈಂಡರ್ ಕಲ್ಲಿನ ಮೇಲೆ ಕೂತು ಮಗ್ಗಿ ಹೇಳುತ್ತಿದ್ದ.

ಒಬ್ಬ ಮುದುಕ ಬಂದಿದ್ದ ಸಾರ್ ಮೊನ್ನೆ,
ಹೊಸನಗರದ ಕಡೆಯವನು,
ಮೇಳದ್ದಂತೆ, ನಿಜವಾದ ಗ್ಯಾಸುಲೈಟೇ ತಂದಿದ್ದ.
ಬೋರ್ಡು ನೋಡಿ ಬಂದೆ ತಾಯಿ, ಅಂದ.
ನಂಗೆ ಬರಲ್ಲ ಅನ್ನೋಕಾಗುತ್ತಾ?
ಸರ್ಕಾರವೇ ಹೇಳಿದೆ ಮಾಡಲಾಗುವದು ಅಂತ.
ಎರಡು ದಿನ ಹಿಡೀತು. ಮ್ಯಾಂಟ್ಲು ಸಿಗದೆ ಭದ್ರಾವತಿಗೆ ಹೋದೆ.
ಹತ್ತಿತಾ? ಕೇಳಿದೆ.
ಅವಳು ಮೇಲೆ ತೋರಿಸಿದಳು, ಮಾಡಿನ ಹಲಗೆಯಲ್ಲಿ
ಹೊಸದಾಗಿ ಸುಟ್ಟ ಒಂದು ದುಂಡು ಕಪ್ಪು.
ಅದಕ್ಕೂ ಅಪ್ಪಣೆ ಬೇಕಿತ್ತೇನೋ, ಅಂದಳು.
ನಾನು ಟೇಪು ತಂದಿರಲಿಲ್ಲ.

ಜಾರು ಕೈಗೆ ಬಂತು, ಜೊತೆಗೆ ಚೀಟಿ:
ಕಪ್ಲರ್ ಬದಲಿ, ಬುಷ್ ಬದಲಿ,
ರಿಪೆರಿ ನೂರಿಪ್ಪತ್ತು.
ಇಪ್ಪತ್ತೆರಡು ವರ್ಷ ತಿದ್ದಿದ ಕೈ ತಾನಾಗಿ ಜೇಬಿನ
ಕೆಂಪು ಪೆನ್ನಿಗೆ ಹೋಯಿತು.
ಅವಳು ನೋಡುತ್ತಲೇ ಇದ್ದಳು.
ಕೈ ಪೆನ್ನು ಬಿಟ್ಟು
ಪಕ್ಕದ ಚಿಲ್ಲರೆ ತಡಕಿತು.